ಗೇಮ್ ಹಾಕಿದರೆ ಸಾಕು, ಕಂಪ್ಯೂಟರ್ ಠಪ್!

ಮೇಲ್ ನೋಡುವಾಗ ಏನೂ ಆಗುವುದಿಲ್ಲ. ತೋಟದ ಲೆಕ್ಕ ಬರೆಯುವಾಗಲೂ ತಕರಾರಿಲ್ಲ. ಮಗ ಗೇಮ್ ಶುರು ಮಾಡಿದ, ಇಲ್ಲವೇ ನೀವು ಮದುವೆ ವಿಡಿಯೋ ಎಡಿಟ್ ಮಾಡಲು ಕೂತಿರಿ ಅಂದರೆ ಹತ್ತೇ ನಿಮಿಷ, ಠಪ್ ಅಂತ ಆಫ್. ವಿಂಡೋಸ್ ಹೊಸದಾಗಿ ಹಾಕಿಸಿ ಎನ್ನುವವರು ಊರಿಗೆ ನಾಲ್ಕು ಜನ ಇರುತ್ತಾರೆ. ನಾನೂ ಹಾಕಿಸಿದೆ, ಎರಡು ಸಲ. ದುಡ್ಡು ಹೋಯಿತು, ಕಾಯಿಲೆ ಹೋಗಲಿಲ್ಲ. ಕೆಲಸ ಜಾಸ್ತಿಯಾದಾಗ ಮಾತ್ರ ಕೈಕೊಡುವ ಕಂಪ್ಯೂಟರಿನಲ್ಲಿ ಮೊದಲು ನೋಡಬೇಕಾದದ್ದು ಎರಡು: ಬಿಸಿ ಮತ್ತು ಕರೆಂಟು.

ಮೊದಲು ಅದು ಹೇಗೆ ನಿಲ್ಲುತ್ತದೆ ಎಂದು ಗಮನಿಸಿ. ಲೈಟು ಆರಿದ ಹಾಗೆ ಒಮ್ಮೆಲೇ ಆಫ್ ಆದರೆ ಕರೆಂಟು ಅಥವಾ ಬಿಸಿಯ ಮೇಲೆ ಅನುಮಾನ. ನೀಲಿ ಪರದೆ ಬಂದರೆ ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ನೆನಪು) ಅಥವಾ ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ತಂತ್ರಾಂಶ) ಕಾರಣ ಇರಬಹುದು. ಅದರಲ್ಲಿರುವ ಕೋಡನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ವಿಂಡೋಸ್ ಬರೆದಿಡುವ ದಿನಚರಿ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂದು ಕಂಡರೆ ಗಾಬರಿ ಬೇಡ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದರ ಅರ್ಥ. ಯಾಕೆ ಅಂತ ಅದು ಹೇಳುವುದಿಲ್ಲ. ಒಂದು ಹಾಳೆಯಲ್ಲಿ ದಿನ, ಗಂಟೆ, ಆಗ ಏನು ಮಾಡುತ್ತಿದ್ದಿರಿ ಎಂದು ಬರೆಯುತ್ತಾ ಹೋಗಿ. ಈ ಹಾಳೆ ಆಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ.

ಇನ್ನು ಬಿಸಿ. ‘ನಮ್ಮ ಮಡಿಕೇರಿ ಚಳಿಗೆ ಕಂಪ್ಯೂಟರ್ ಬಿಸಿಯಾಗುವುದುಂಟಾ?’ ಅಂತ ಕೇಳುತ್ತಾರೆ. ಉಂಟು! ಹೊರಗೆ ಎಷ್ಟೇ ಥಂಡಿ ಇರಲಿ, ಒಳಗಿನ ಫ್ಯಾನಿಗೆ ಧೂಳು ಮೆತ್ತಿಕೊಂಡಿದ್ದರೆ ಪ್ರೊಸೆಸರ್ ಬೇಯುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದೆಂದು ಕ್ಯಾಬಿನೆಟ್ಟಿಗೆ ಬಟ್ಟೆ ಹೊದಿಸಿ, ಮರದ ಕಪಾಟಿನೊಳಗೆ ತಳ್ಳಿಡುವವರೂ ಇದ್ದಾರೆ. ಗಾಳಿ ಎಲ್ಲಿಂದ ಬರಬೇಕು? ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ, ಗೇಮ್ ಓಡುವಾಗ ಪ್ರೊಸೆಸರಿನ ಬಿಸಿ ನೋಡಿ. 80 ಡಿಗ್ರಿ ಆಸುಪಾಸು ಇದ್ದರೆ ಚಿಂತೆಯಿಲ್ಲ. 95–100 ಡಿಗ್ರಿ ಮುಟ್ಟುತ್ತಿದ್ದರೆ ಕಳ್ಳ ಸಿಕ್ಕ ಹಾಗೆಯೇ.

ಪ್ಲಗ್ ಕಿತ್ತು, ಕ್ಯಾಬಿನೆಟ್ಟನ್ನು ಜಗಲಿಗೆ ತಂದು, ಒಣಗಿದ ಪೇಂಟ್ ಬ್ರಷ್‌ನಿಂದ ಧೂಳು ತೆಗೆಯಿರಿ. ಬ್ಲೋವರ್ ಹೊಡೆಯುವುದಾದರೆ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಿರಗಿರ ತಿರುಗಲು ಬಿಡಬೇಡಿ. ನಾಲ್ಕೈದು ವರ್ಷದ ಹಳೆಯ ಮೆಷಿನ್ ಆದರೆ ಪ್ರೊಸೆಸರ್ ಮೇಲಿನ, ಬಿಸಿಯನ್ನು ಹೊರಕ್ಕೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಹಳೆಯದನ್ನು ಒರೆಸಿ ಹೊಸದು ಹಾಕಿ. ಎಷ್ಟು? ಒಂದು ಕಾಳುಮೆಣಸಿನಷ್ಟು ಸಾಕು.

ಆಮೇಲೆ ಕರೆಂಟು. ನನ್ನ ಕಂಪ್ಯೂಟರಿನ ಕಾಯಿಲೆ ಸಿಕ್ಕಿದ್ದು ಇಲ್ಲೇ. ಹಾಳೆ ನೋಡಿದರೆ ಆಫ್ ಆದದ್ದೆಲ್ಲ ಡಿಸೆಂಬರ್, ಜನವರಿಯ ಸಂಜೆಗಳಲ್ಲಿ. ಅದು ಕಾಫಿ ಕೊಯ್ಲಿನ ಕಾಲ. ಪಕ್ಕದ ತೋಟದಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಮೋಟರ್ ಶುರುವಾದರೆ ನಮ್ಮ ಮನೆಯ ಬಲ್ಬು ಮಂಕಾಗುತ್ತದೆ. 230 ವೋಲ್ಟ್ ಇರಬೇಕಾದದ್ದು ಕುಸಿದ ಕೂಡಲೇ ಯುಪಿಎಸ್ ಬ್ಯಾಟರಿಗೆ ಹೋಗುತ್ತಿತ್ತು. ನನ್ನದು 600 ವಿಎ ಯುಪಿಎಸ್. ದೊಡ್ಡ ಸಂಖ್ಯೆ ಅನ್ನಿಸುತ್ತದೆ, ಆದರೆ ಇಂಥವು ಸಾಮಾನ್ಯವಾಗಿ ಹೊರುವುದು 360 ವ್ಯಾಟ್ ಅಷ್ಟೇ. ಬರೀ ಟೈಪ್ ಮಾಡುವಾಗ ಸುಮ್ನೆ ತಡೆದುಕೊಳ್ಳುತ್ತಿತ್ತು. ಗ್ರಾಫಿಕ್ಸ್ ಕಾರ್ಡು, ಮಾನಿಟರು ಎಲ್ಲ ಸೇರಿ ಎಳೆದಾಗ ಕುಂಯ್ ಎಂದು ಕೂಗಿ ಬಿಟ್ಟುಬಿಡುತ್ತಿತ್ತು. ಬೈಸಿಕೊಂಡದ್ದು ಮಾತ್ರ ವಿಂಡೋಸ್!

ನಿಮ್ಮದೂ ಹೀಗೇನಾ ಎಂದು ತಿಳಿಯಲು, ವೋಲ್ಟೇಜ್ ಚೆನ್ನಾಗಿರುವ ಹೊತ್ತಿನಲ್ಲಿ ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ ಗೇಮ್ ಆಡಿ. ಆಗ ಆಫ್ ಆಗದಿದ್ದರೆ ಯುಪಿಎಸ್ ಕಡೆ ನೋಡಿ. ಏಪ್ರಿಲ್, ಮೇ ಗುಡುಗಿನ ದಿನಗಳಲ್ಲಿ ಮಾತ್ರ ಈ ಪರೀಕ್ಷೆ ಬೇಡ. ಮೋಡ ಕವಿದರೆ ಪ್ಲಗ್ಗಿನ ಜೊತೆ ಇಂಟರ್ನೆಟ್ ಕೇಬಲ್ಲನ್ನೂ ಕಿತ್ತಿಡಿ. ಸಾಕೆಟ್ಟಿಗೆ ಅರ್ಥಿಂಗ್ ಸರಿ ಇದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ.

ಗೋಡೆಗೆ ನೇರ ಹಾಕಿದರೂ ಆಫ್ ಆಗುತ್ತಿದೆಯೇ? ಪ್ರೈಮ್95 ಎಂಬ ತಂತ್ರಾಂಶ ಹಾಕಿ ಪ್ರೊಸೆಸರನ್ನು ಹತ್ತು ನಿಮಿಷ ದುಡಿಸಿ. ಅದನ್ನು ನಿಲ್ಲಿಸಿ, ಫರ್‌ಮಾರ್ಕ್ ಹಾಕಿ ಗ್ರಾಫಿಕ್ಸ್ ಕಾರ್ಡನ್ನು ದುಡಿಸಿ. ಬಿಸಿಯ ಮೇಲೆ ಕಣ್ಣಿರಲಿ. ಬೇರೆಬೇರೆಯಾಗಿ ಪಾಸಾಗಿ, ಎರಡನ್ನೂ ಒಟ್ಟಿಗೆ ಓಡಿಸಿದಾಗ ಬಿದ್ದರೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಡಬ್ಬ) ಸಾಲುತ್ತಿಲ್ಲ ಎಂದು ಅನುಮಾನಿಸಬಹುದು. ಅಗ್ಗದ ಎಸ್‌ಎಂಪಿಎಸ್ ಮೇಲೆ ಬರೆದಿರುವ ವ್ಯಾಟನ್ನು ನಾನಂತೂ ನಂಬುವುದಿಲ್ಲ. ಹೊಸದು ಕೊಳ್ಳುವ ಮೊದಲು ಗೆಳೆಯರಿಂದ ಒಳ್ಳೆಯದೊಂದನ್ನು ಎರಡು ದಿನಕ್ಕೆ ಕೇಳಿ ತಂದು ನೋಡಿ. ಹಳೆಯದರ ಡಬ್ಬ ಬಿಚ್ಚಿ ಒಳಗೆ ಕೈಹಾಕಲು ಮಾತ್ರ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್ ಶಾಕ್ ಕೊಡುತ್ತದೆ.

ನೀಲಿ ಪರದೆಯವರಿಗೆ ರ‍್ಯಾಮ್ ಪರೀಕ್ಷೆ. ನಮ್ಮ ಜಡಿಮಳೆಯ ತಿಂಗಳುಗಳಲ್ಲಿ ರ‍್ಯಾಮಿನ ಕಾಲುಗಳು (ಅಂಚಿನ ಲೋಹದ ಪಟ್ಟಿಗಳು) ಮಂಕಾಗುವುದುಂಟು. ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಹಾಕಿ. ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ, ರ‍್ಯಾಮಿನ ವೇಗ ಹೆಚ್ಚಿಸುವ ಆಯ್ಕೆ ಆನ್ ಇದ್ದರೆ ಆಫ್ ಮಾಡಿ. ಮೆಮ್‌ಟೆಸ್ಟ್86 ಎಂಬ ಪರೀಕ್ಷಾ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಒಂದು ತಪ್ಪು ತೋರಿಸಿದರೂ ಒಂದೊಂದೇ ರ‍್ಯಾಮ್ ಹಾಕಿ ಯಾವುದು ಕೆಟ್ಟಿದೆ ಎಂದು ಹುಡುಕಿ.

ಇಷ್ಟಾದರೂ ಬಗ್ಗದಿದ್ದರೆ ಮದರ್‌ಬೋರ್ಡ್ ಅಥವಾ ಗ್ರಾಫಿಕ್ಸ್ ಕಾರ್ಡ್ ಕೆಟ್ಟಿರಬಹುದು. ಅದು ಅಂಗಡಿಯ ಕೆಲಸ. ಮೈಸೂರಿಗೆ ಒಯ್ಯುವುದಾದರೆ ಭಾರದ ಗ್ರಾಫಿಕ್ಸ್ ಕಾರ್ಡನ್ನು ಕಳಚಿ ಬೇರೆ ಡಬ್ಬದಲ್ಲಿಡಿ. ಘಾಟಿಯ ತಿರುವಿನಲ್ಲಿ ಬಸ್ಸು ಕುಲುಕಿದರೆ ಸ್ಲಾಟೇ ಮುರಿದೀತು. ಆ ಹಾಳೆಯನ್ನೂ ಮರೆಯದೆ ಜೊತೆಗೆ ಒಯ್ಯಿರಿ. ಅಂಗಡಿಯವರು ‘ವಿಂಡೋಸ್ ಹಾಕಿ ನೋಡೋಣ’ ಎಂದ ಕೂಡಲೇ ಮುಂದಿಡಿ.