ಮ್ಯೂನಿಕ್ ಬಿಟ್ಟು ಫೋರ್ಖ್‌ಹೈಮ್‌ಗೆ ಬಂದ ಮೇಲೆ

ಜರ್ಮನಿಯ ಮ್ಯೂನಿಕ್‌ನಲ್ಲಿ ನಾಲ್ಕು ವರ್ಷ ಇದ್ದೆವು. ಎದುರುಮನೆಯವರ ಹೆಸರನ್ನು ಕಾಲಿಂಗ್ ಬೆಲ್ ಮೇಲೆ ಓದಿದ್ದೆ ಅಷ್ಟೇ, ಮುಖ ಸರಿಯಾಗಿ ನೋಡಿರಲಿಲ್ಲ. ನಮ್ಮವರಿಗೆ ನ್ಯೂರೆಂಬರ್ಗ್ ಪಕ್ಕದ ಎರ್ಲಾಂಗನ್‌ನಲ್ಲಿ ಕೆಲಸ ಸಿಕ್ಕಿದಾಗ ಸ್ನೇಹಿತರೆಲ್ಲ ನ್ಯೂರೆಂಬರ್ಗ್‌ನಲ್ಲೇ ಮನೆ ಮಾಡಿ ಅಂದರು. ಅಲ್ಲಿ ಇಂಡಿಯನ್ ಅಂಗಡಿ ಇದೆ, ನಮ್ಮ ಜನ ಸಿಗುತ್ತಾರೆ ಅಂತ. ಆದರೆ ನಾವು ಎರ್ಲಾಂಗನ್‌ನಿಂದ ಉತ್ತರಕ್ಕೆ ಹೋಗುವ ರೈಲು ಹತ್ತಿದೆವು.

ಫೋರ್ಖ್‌ಹೈಮ್ ಇರುವುದು ನ್ಯೂರೆಂಬರ್ಗ್ ಮತ್ತು ಬಾಂಬರ್ಗ್ ನಡುವೆ. ಸುಮಾರು 32 ಸಾವಿರ ಜನ.

ಮನೆ ಹುಡುಕುವ ಮೊದಲು ಊರಿಗೆ ಎರಡು ಸಲ ಹೋದೆವು. ಒಮ್ಮೆ ವಾರದ ದಿನ ಸಂಜೆ, ಒಮ್ಮೆ ಭಾನುವಾರ. ಜರ್ಮನಿಯಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಬಾಗಿಲು ಹಾಕಿದ ಬೀದಿಯಲ್ಲೂ ನಿಮಗೆ ನಡೆಯಬೇಕು ಅನಿಸಿದರೆ ಆ ಊರು ಆಗಿಬರುತ್ತದೆ. ನನಗೆ ಅನಿಸಿತು. ಮರದ ಚೌಕಟ್ಟಿನ ಹಳೇ ಟೌನ್ ಹಾಲ್ ಮುಂದೆ ಮಗಳು ಓಡಾಡಿದಳು, ನಾನು ಸುಮ್ನೆ ಕೂತಿದ್ದೆ.

ಮನೆ ಸುಲಭವಾಗಿ ಸಿಗಲಿಲ್ಲ. ಒಬ್ಬರು ನನ್ನ ಇಂಗ್ಲಿಷ್ ಕೇಳಿದ ಕೂಡಲೇ ಫೋನ್ ಇಟ್ಟರು. ಆಮೇಲೆ ಜರ್ಮನ್‌ನಲ್ಲೇ ಅರ್ಧ ಪುಟ ಬರೆದು ಕಳಿಸಲು ಶುರು ಮಾಡಿದೆ. ನಾವು ಯಾರು, ಏನು ಕೆಲಸ, ಎಷ್ಟು ವರ್ಷ ಇರುತ್ತೇವೆ ಅಂತ. ಆರನೇ ಪತ್ರಕ್ಕೆ ಉತ್ತರ ಬಂತು. ಒಂದು ಮಾತು ನೆನಪಿರಲಿ: ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಸಾಮಾನ್ಯವಾಗಿ ಕಾಲ್ಟ್‌ಮೀಟೆ, ಅಂದರೆ ಬರೀ ಬಾಡಿಗೆ. ನೀರು, ಹೀಟಿಂಗ್ ಸೇರಿದ ಮೇಲೆ ಬರುವ ವಾರ್ಮ್‌ಮೀಟೆ ನೋಡಿ ಲೆಕ್ಕ ಹಾಕಿ. ಡೆಪಾಸಿಟ್ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವಂತಿಲ್ಲ, ಕಾನೂನೇ ಇದೆ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಕಾಗದ ಬೇಕು. ಕೀ ತೆಗೆದುಕೊಳ್ಳುವಾಗಲೇ ಅದನ್ನೂ ಕೇಳಿ ಇಟ್ಟುಕೊಳ್ಳಿ.

ನಿಜವಾದ ಕಷ್ಟ ಭಾಷೆಯದು. ಮ್ಯೂನಿಕ್‌ನಲ್ಲಿ ಇಂಗ್ಲಿಷ್‌ನಲ್ಲೇ ದಿನ ಕಳೆಯಿತು. ಇಲ್ಲಿ ಹಾಗಾಗಲ್ಲ. ಸಂಜೆ ತರಗತಿಗೆ ಸೇರಿ ಬಿ1, ಅಂದರೆ ಮಧ್ಯಮ ಹಂತದ ಜರ್ಮನ್ ಪರೀಕ್ಷೆ ಪಾಸು ಮಾಡಿದೆ. ಆದರೆ ಬೇಕರಿಗೆ ಹೋದರೆ ಅದೂ ಸಾಲದು! ಈ ಭಾಗಕ್ಕೆ ಫ್ರಾಂಕೋನಿಯಾ ಅನ್ನುತ್ತಾರೆ; ಇಲ್ಲಿನ ಮಾತಿನಲ್ಲಿ ಪ ಹೋಗಿ ಬ ಆಗುತ್ತದೆ, ಟ ಹೋಗಿ ಡ ಆಗುತ್ತದೆ. ಪುಸ್ತಕದಲ್ಲಿ ಕವರ್‌ಗೆ ಟ್ಯೂಟೆ ಅಂತ ಕಲಿತಿದ್ದೆ. ಬೇಕರಿಯಾಕೆ ಕೇಳಿದ್ದು ಡ್ಯೂಡೆ. ಮೂರು ಸಲ ಕೇಳಿಸಿಕೊಂಡೆ. ಅವರು ಬೇಸರ ಮಾಡಿಕೊಳ್ಳದೆ ಕವರ್ ಎತ್ತಿ ತೋರಿಸಿದರು. ಮರುದಿನ ನಾನು ಬಾಗಿಲಲ್ಲಿ ಕಂಡಾಗಲೇ ನಕ್ಕರು. ಮ್ಯೂನಿಕ್‌ನಲ್ಲಿ ನಾಲ್ಕು ವರ್ಷ ನನ್ನ ಗುರುತು ಹಿಡಿದು ಯಾರೂ ಹೀಗೆ ನಕ್ಕಿರಲಿಲ್ಲ.

ಕೊರತೆಗಳೂ ಇವೆ. ಕೆಲವು ಸ್ಪೆಷಲಿಸ್ಟ್ ಡಾಕ್ಟರಿಗೆ ಎರ್ಲಾಂಗನ್‌ಗೆ ಹೋಗುತ್ತೇವೆ. ಕರಿಬೇವಿಗೆ ನ್ಯೂರೆಂಬರ್ಗ್. ಲೋಕಲ್ ರೈಲು, ಬಸ್ಸುಗಳಲ್ಲಿ ದೇಶವಿಡೀ ನಡೆಯುವ ತಿಂಗಳ ಪಾಸ್ 2023ರಲ್ಲಿ 49 ಯೂರೋ ಇತ್ತು, 2026ರಿಂದ 63 ಆಗಿದೆ. ಜರ್ಮನ್ ಕಲಿಯುವ ಮನಸ್ಸಿಲ್ಲದಿದ್ದರೆ ಸಣ್ಣ ಊರು ಬೇಡ ಅಂತಲೇ ನಾನು ಹೇಳುತ್ತೇನೆ. ಒಂಟಿತನ ಇಲ್ಲಿ ಇನ್ನೂ ಜಾಸ್ತಿ ಕಾಡುತ್ತದೆ.

ಬೇಸಿಗೆಯಲ್ಲಿ ಶಿವಮೊಗ್ಗದಿಂದ ಅಮ್ಮ ಬಂದಿದ್ದರು. ಊರಂಚಿನ ಕಾಡುಗುಡ್ಡದಲ್ಲಿ ಹಿಂದೆ ಬಿಯರ್ ತಂಪಾಗಿಡಲು ಬಂಡೆ ಕೊರೆದು ಮಾಡಿದ ನೆಲಮಾಳಿಗೆಗಳಿವೆ. ಅವುಗಳ ಮೇಲೆ, ಮರದ ನೆರಳಲ್ಲಿ ಬೆಂಚು ಹಾಕಿರುತ್ತಾರೆ. ಜುಲೈ ಕೊನೆಗೆ ಅಲ್ಲೇ ಆನಾಫೆಸ್ಟ್ ಜಾತ್ರೆ. ಜಾತ್ರೆಗೆ ನಮ್ಮನ್ನು ಕರೆದುಕೊಂಡು ಹೋದದ್ದು ಪಕ್ಕದ ಮನೆಯ ಅಜ್ಜಿ. ನಾವು ಸೇಬಿನ ರಸ ಕುಡಿದೆವು. ಅಮ್ಮ ಮತ್ತು ಅಜ್ಜಿ ಒಂದು ಮಾತೂ ಅರ್ಥವಾಗದೆ ಎರಡು ಗಂಟೆ ಜೊತೆಗೆ ಕೂತಿದ್ದರು.

ಈ ಕಡೆ ಚೆರ್ರಿ ತೋಟ ಜಾಸ್ತಿ. ಅಜ್ಜಿ ಒಂದು ಬಾಟಲಿ ಚೆರ್ರಿ ಜಾಮ್ ಕೊಟ್ಟರು. ಮುಗಿದ ಮೇಲೆ ನಾನು ತೊಳೆದು ವಾಪಸ್ ಕೊಡಲು ಹೊರಟೆ. "ಖಾಲಿ ಬಾಟಲಿ ಕೊಡ್ತಾರೇನೇ?" ಅಂತ ಅಮ್ಮ ತಡೆದು, ತುಂಬ ಕೋಡುಬಳೆ ಹಾಕಿದರು. ವಾರದ ನಂತರ ಬಾಟಲಿ ಮತ್ತೆ ನಮ್ಮ ಬಾಗಿಲಿಗೆ ಬಂತು, ಉಪ್ಪಿನಕಾಯಿ ಸೌತೆ ತುಂಬಿಕೊಂಡು. ಅಮ್ಮ ಊರಿಗೆ ಹೋಗಿ ಎಂಟು ತಿಂಗಳಾಯಿತು. ಬಾಟಲಿ ಈಗ ಅಜ್ಜಿಯ ಮನೆಯಲ್ಲಿದೆ.