ಸ್ಪ್ಯಾನಿಷ್‌ನ ‘ಸೆ’ಗೆ ನಮ್ಮ ‘ಕೊಳ್ಳು’ ಸಾಕು

ಸ್ಪ್ಯಾನಿಷ್ ಕಲಿಯುವವರು ಮೊದಲ ದಿನವೇ ‘ಮೆ ಯಾಮೊ’ ಎಂದು ಹೆಸರು ಹೇಳುತ್ತಾರೆ. ‘ಯಾಮೊ’ ಅಂದರೆ ಕರೆಯುತ್ತೇನೆ. ಹಾಗಾದರೆ ಆ ‘ಮೆ’ ಯಾಕೆ? ಇಂಗ್ಲಿಷ್ ಮೂಲಕ ಕಲಿತರೆ ಇದು ಸುಮ್ನೆ ತಲೆ ತಿನ್ನುತ್ತದೆ. ಕನ್ನಡದವರಿಗೆ ಅಷ್ಟು ಕಷ್ಟವಿಲ್ಲ. ನಮ್ಮಲ್ಲಿ ‘ಕೊಳ್ಳು’ ಇದೆಯಲ್ಲ!

ಅಮ್ಮ ಮಗಳ ತಲೆ ಬಾಚುತ್ತಾಳೆ, ಆಮೇಲೆ ತಾನು ತಲೆ ಬಾಚಿಕೊಳ್ಳುತ್ತಾಳೆ. ಮೊದಲನೆಯದು ‘ಪೆಯ್ನಾರ್’, ಎರಡನೆಯದು ‘ಪೆಯ್ನಾರ್ಸೆ’. ನಿಘಂಟಿನಲ್ಲಿ ಕ್ರಿಯಾಪದಕ್ಕೆ ‘ಸೆ’ ಬಾಲ ಕಂಡರೆ ಮೊದಲು ‘ಕೊಳ್ಳು’ ಹಚ್ಚಿ ನೋಡಿ.

ಈಗ ವರ್ತಮಾನಕ್ಕೆ ಬರೋಣ. ‘ಸೆ’ಯನ್ನು ಬಿಡಿಸಿ ಪಕ್ಕಕ್ಕಿಡಿ. ಉಳಿದ ‘ಪೆಯ್ನಾರ್’ನಲ್ಲಿ ‘ಆರ್’ ತೆಗೆದು ಮಾಮೂಲಿ ಪ್ರತ್ಯಯ ಹಚ್ಚಿ. ಪಕ್ಕಕ್ಕಿಟ್ಟ ‘ಸೆ’ಯನ್ನು ಕ್ರಿಯಾಪದದ ಮುಂದೆ ತಂದು ಕೂರಿಸಿ. ನಮ್ಮ ‘ಕೊಳ್ಳು’ ಹಿಂದೆ ಬರುತ್ತದೆ, ಇದು ಮುಂದೆ. ಜೊತೆಗೆ ಯಾರು ಬಾಚಿಕೊಳ್ಳುತ್ತಾರೋ ಅವರಿಗೆ ತಕ್ಕಂತೆ ವೇಷ ಬದಲಿಸುತ್ತದೆ:

ನಾನು: ಮೆ ಪೆಯ್ನೊ
ನೀನು: ತೆ ಪೆಯ್ನಾಸ್
ಅವನು, ಅವಳು: ಸೆ ಪೆಯ್ನಾ
ನಾವು: ನೊಸ್ ಪೆಯ್ನಾಮೊಸ್
ನೀವೆಲ್ಲ: ಒಸ್ ಪೆಯ್ನಾಯ್ಸ್
ಅವರು: ಸೆ ಪೆಯ್ನಾನ್

ಒಬ್ಬರಿಗೇ ಗೌರವದಿಂದ ‘ನೀವು’ ಅನ್ನುವಾಗಲೂ ‘ಸೆ ಪೆಯ್ನಾ’ ಎಂದೇ ಹೇಳಬೇಕು. ‘ಒಸ್’ ಸ್ಪೇನ್‌ನವರ ಸಲುಗೆಯ ಮಾತು. ಲ್ಯಾಟಿನ್ ಅಮೆರಿಕದಲ್ಲಿ ಅದನ್ನು ಬಿಟ್ಟು ‘ನೀವೆಲ್ಲ’ಕ್ಕೂ ಕೊನೆಯ ಸಾಲನ್ನೇ ಬಳಸುತ್ತಾರೆ. ಬಾಚಿಕೊಳ್ಳುವುದಿಲ್ಲ ಎನ್ನಲು ಮುಂದೊಂದು ‘ನೊ’ ಸೇರಿಸಿ: ನೊ ಮೆ ಪೆಯ್ನೊ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ‘ಮೆ ಲಾಬೊ ಲಾಸ್ ಮಾನೊಸ್’. ಕೈ ತೊಳೆದುಕೊಳ್ಳುತ್ತೇನೆ ಎಂದರ್ಥ. ‘ನನ್ನ ಕೈ’ ಅಂತ ಯಾರಾದರೂ ಬಿಡಿಸಿ ಹೇಳುತ್ತಾರಾ? ನಾವೂ ಹೇಳುವುದಿಲ್ಲ, ಅವರೂ ಹೇಳುವುದಿಲ್ಲ. ಇಂಗ್ಲಿಷ್ ಅಭ್ಯಾಸದಿಂದ ‘ಮಿಸ್ ಮಾನೊಸ್’ ಅಂದುಬಿಟ್ಟೀರಿ, ಜೋಕೆ.

ಮಗುವನ್ನು ಮಲಗಿಸುವುದು ‘ಅಕೊಸ್ತಾರ್’, ನಾವೇ ಮಲ್ಕೊಳ್ಳುವುದು ‘ಅಕೊಸ್ತಾರ್ಸೆ’. ಇಲ್ಲಿ ನಡುವಿನ ‘ಒ’ ಒಡೆದು ‘ವೆ’ ಆಗುತ್ತದೆ: ಮೆ ಅಕ್ವೆಸ್ತೊ, ತೆ ಅಕ್ವೆಸ್ತಾಸ್. ‘ನಾವು’ ಬಂದಾಗ ಮಾತ್ರ ಹಳೆಯ ರೂಪವೇ, ನೊಸ್ ಅಕೊಸ್ತಾಮೊಸ್. ಸ್ಪೇನ್‌ನ ‘ಒಸ್’ ರೂಪವೂ ಒಡೆಯುವುದಿಲ್ಲ.

‘ಕೊಳ್ಳು’ ಎಲ್ಲ ಕಡೆ ಕೈ ಹಿಡಿಯುತ್ತದೆ ಅಂದುಕೊಳ್ಳಬೇಡಿ. ನಾವು ಬರೀ ‘ಏಳುತ್ತೇನೆ’ ಅನ್ನುವಲ್ಲಿ ಅವರು ‘ಮೆ ಲೆಬಾಂತೊ’ ಅನ್ನುತ್ತಾರೆ. ‘ಲೆಬಾಂತೊ’ ಒಂದೇ ಆದರೆ ಎತ್ತುತ್ತೇನೆ ಎಂದಾಗುತ್ತದೆ. ‘ಆರು ಗಂಟೆಗೆ ಎತ್ತುತ್ತೇನೆ’ ಅಂದರೆ ಕೇಳಿದವರು ಏನನ್ನು ಅಂತ ಕೇಳುತ್ತಾರೆ, ಅಲ್ವಾ? ಉಲ್ಟಾ ಕೂಡ ಇದೆ. ನಾವು ‘ಕೇಳಿಸಿಕೊಳ್ಳುತ್ತೇನೆ’ ಅನ್ನುತ್ತೇವೆ. ಅವರಿಗೆ ‘ಎಸ್ಕುಚೊ’ ಸಾಕು, ‘ಮೆ’ ಬೇಡ.

ಇನ್ನು ‘ಮಲ್ಕೋಬೇಕು ಅನ್ನಿಸ್ತಿದೆ’ ಅಂತ ಹೇಳಬೇಕೇ? ‘ಕ್ಯೆರೊ’ ಮೊದಲು ಬರಲಿ, ಮೂಲ ಕ್ರಿಯಾಪದ ಆಮೇಲೆ. ಆಗ ಬಾಲ ಮತ್ತೆ ಹಿಂದಕ್ಕೆ ಹೋಗಿ ಅಂಟಿಕೊಳ್ಳುತ್ತದೆ: ಕ್ಯೆರೊ ಅಕೊಸ್ತಾರ್ಮೆ. ನಿಘಂಟಿನಲ್ಲಿ ಕಂಡ ‘ಅಕೊಸ್ತಾರ್ಸೆ’ಯನ್ನೇ ಇಲ್ಲಿ ಒಪ್ಪಿಸಿಬಿಡುವವರು ಬಹಳ. ಮಲಗುವವರು ನೀವು, ಆದ್ದರಿಂದ ಬಾಲವೂ ‘ಮೆ’ ಆಗಬೇಕು.