ಪೋರ್ಟ್ ಮೂರು, ಮಾನಿಟರ್ ಎರಡೇ: ಹಳೇ ಕಂಪ್ಯೂಟರ್‌ಗೆ ಮೂರನೆಯದನ್ನು ಕೂಡಿಸಿದ ನನ್ನ ಅನುಭವ

ನನ್ನ ಕಂಪ್ಯೂಟರ್ 2013ರಲ್ಲಿ ಅಸೆಂಬಲ್ ಮಾಡಿಸಿದ್ದು. ಇಂಟೆಲ್ ಐ3-3220 ಪ್ರೊಸೆಸರ್, ಎಚ್61 ಚಿಪ್‌ಸೆಟ್ (ಬೋರ್ಡ್‌ನ ಭಾಗಗಳ ನಡುವಿನ ಸಂಚಾರ ನೋಡಿಕೊಳ್ಳುವ ಚಿಪ್) ಇರುವ ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, ಆಮೇಲೆ ಹಾಕಿಸಿದ ಒಂದು ಎಸ್‌ಎಸ್‌ಡಿ. ಹಳೇ ಪುಸ್ತಕಗಳ ಸ್ಕ್ಯಾನ್ ನೋಡಿಕೊಂಡು ಯೂನಿಕೋಡ್‌ನಲ್ಲಿ ಟೈಪ್ ಮಾಡುವುದು, ಕರಡು ತಿದ್ದುವುದು ನನ್ನ ಕೆಲಸ. ಅದಕ್ಕೆ ಇಷ್ಟು ಸಾಕು. ಸಾಲದೇ ಇದ್ದದ್ದು ಜಾಗ. ಒಂದು ಮಾನಿಟರ್‌ನಲ್ಲಿ ಸ್ಕ್ಯಾನ್, ಇನ್ನೊಂದರಲ್ಲಿ ಟೈಪ್ ಮಾಡುವ ಪುಟ. ನಿಘಂಟು ನೋಡಬೇಕಾದರೆ ಪ್ರತಿ ಸಲ ಸ್ಕ್ಯಾನ್ ಮುಚ್ಚಿ, ಪದ ಹುಡುಕಿ, ಮತ್ತೆ ಸ್ಕ್ಯಾನ್ ತೆಗೆದು, ಯಾವ ಸಾಲಿನಲ್ಲಿದ್ದೆ ಅಂತ ಕಣ್ಣಲ್ಲೇ ತಡಕಬೇಕು. ದಿನಕ್ಕೆ ನೂರು ಸಲ ಹೀಗೆ ಮಾಡಿದರೆ ಸಂಜೆಗೆ ಕಣ್ಣು ಉರಿ.

ಅಕ್ಕನ ಮಗ ಹೊಸ ಮಾನಿಟರ್ ತಗೊಂಡಾಗ ಅವನ ಹಳೇ 17 ಇಂಚಿನದನ್ನು ನನಗೆ ತಂದುಕೊಟ್ಟ. ಚೌಕಾಕಾರದ್ದು, 1280×1024, ವಿಜಿಎ ಅನ್ನುವ ಹಳೇ ಮಾದರಿಯ ಪೋರ್ಟ್ ಮಾತ್ರ ಇದೆ. "ಮಾವ, ನಿಮ್ಮ ಸಿಪಿಯು ಹಿಂದೆ ಮೂರು ಪೋರ್ಟ್ ಇದೆಯಲ್ಲ, ಚುಚ್ಚಿದ್ರೆ ಆಯ್ತು" ಅಂದ. ಇದೆ, ನಿಜ. ವಿಜಿಎ, ಡಿವಿಐ, ಎಚ್‌ಡಿಎಂಐ ಮೂರೂ ಸಾಲಾಗಿವೆ. ಎಚ್‌ಡಿಎಂಐಗೆ 22 ಇಂಚಿನದು, ಡಿವಿಐಗೆ 19 ಇಂಚಿನದು ಮೊದಲೇ ಇದ್ದವು. ವಿಜಿಎಗೆ ಹೊಸ ಅತಿಥಿಯನ್ನು ಚುಚ್ಚಿದೆ. ವಿಂಡೋಸ್ 10ರ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1, 2, 3 ಅಂತ ಮೂರು ಡಬ್ಬಿಗಳೂ ಬಂದವು. ಮೂರನೆಯದನ್ನು ಆನ್ ಮಾಡಲು ಹೋದರೆ ಆಗಲ್ಲ. ಎರಡನೆಯದನ್ನು ಆಫ್ ಮಾಡಿದರೆ ಮಾತ್ರ ಮೂರನೆಯದು ಹತ್ತುತ್ತದೆ.

ಎರಡು ದಿನ ಕೇಬಲ್ ಬದಲಿಸಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ. ತಪ್ಪು ಅಲ್ಲಿ ಇರಲೇ ಇಲ್ಲ. ಈ ಪೀಳಿಗೆಯ ಯಂತ್ರಗಳಲ್ಲಿ ಚಿತ್ರ ತಯಾರಾಗುವುದು ಪ್ರೊಸೆಸರ್ ಒಳಗೆ. ಅಲ್ಲಿಂದ ಅದು ಚಿಪ್‌ಸೆಟ್‌ಗೆ ಬಂದು, ಚಿಪ್‌ಸೆಟ್ ಅದನ್ನು ಹಿಂದಿನ ಪೋರ್ಟ್‌ಗಳಿಗೆ ಹಂಚುತ್ತದೆ. ನನ್ನ ಪ್ರೊಸೆಸರ್‌ಗೆ ಮೂರು ಮಾನಿಟರ್ ನಡೆಸುವ ಶಕ್ತಿ ಇದೆ. ಎಚ್61 ಚಿಪ್‌ಸೆಟ್ ಮಾತ್ರ ಒಂದು ಹೊತ್ತಿಗೆ ಎರಡಕ್ಕಿಂತ ಜಾಸ್ತಿ ಬಿಡುವುದಿಲ್ಲ. ಮೂರು ಪೋರ್ಟ್ ಕೊಟ್ಟಿರುವುದು ನಿಮ್ಮ ಹತ್ತಿರ ಯಾವ ಕೇಬಲ್ ಇದ್ದರೂ ಕೂರಲಿ ಅಂತ, ಅಷ್ಟೆ. ಇದರ ಮುಂದಿನ ಪೀಳಿಗೆಯ ಎಚ್81 ಬೋರ್ಡ್‌ಗಳಲ್ಲೂ ಇದೇ ಮಿತಿ, ಅದೇ ಕಾಲದ ಬಿ85 ಆದರೆ ಮೂರು ನಡೆಸುತ್ತದೆ. ಹಾಗಾಗಿ ಕೇಬಲ್ ಕೊಳ್ಳುವ ಮೊದಲು ಮದರ್‌ಬೋರ್ಡ್ ಮೇಲೆ ಬರೆದಿರುವ ಮಾಡೆಲ್ ನಂಬರ್ ಓದಿ. ಪೋರ್ಟ್ ಎಣಿಸಬೇಡಿ. ಎರಡು ದಿನ ಕಳೆದುಕೊಂಡವನಾಗಿ ಇದನ್ನು ಹೇಳುತ್ತಿದ್ದೇನೆ.

ಇದು ಗೊತ್ತಾಗುವ ಮೊದಲೇ ನಮ್ಮೂರಿನ ಒಂದು ಅಂಗಡಿಯಲ್ಲಿ ಕೇಳಿದ್ದೆ. "ಒಂದು ಎಚ್‌ಡಿಎಂಐ ಎರಡಾಗುತ್ತದೆ ಸಾರ್" ಅಂತ ಸ್ಪ್ಲಿಟರ್ ಕೊಟ್ಟರು. ಎರಡಾಯಿತು, ಆದರೆ ಎರಡರಲ್ಲೂ ಒಂದೇ ಚಿತ್ರ. ಸ್ಪ್ಲಿಟರ್ ಕೆಲಸವೇ ಅದು, ಒಂದೇ ಪಾಠವನ್ನು ಎರಡು ಗೋಡೆಗೆ ತೋರಿಸಲು ಅದು ಬೇಕು. ಮೂರು ಬೇರೆ ಬೇರೆ ಕಿಟಕಿ ತೆರೆದಿಡಬೇಕು ಅನ್ನುವವರಿಗೆ ಉಪಯೋಗವಿಲ್ಲ. ನಾನು ಕೇಳಿದ್ದೇನು ಅಂತ ಅವರು ಒಂದು ನಿಮಿಷ ಕಿವಿಗೊಟ್ಟಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಆಮೇಲೆ ಯುಎಸ್‌ಬಿ ದಾರಿ. ಯುಎಸ್‌ಬಿಯಿಂದ ಎಚ್‌ಡಿಎಂಐ ಅಥವಾ ವಿಜಿಎ ಕೊಡುವ ಅಡಾಪ್ಟರ್‌ಗಳು ಸಿಗುತ್ತವೆ. ಗೆಳೆಯರೊಬ್ಬರ ಹತ್ತಿರ ಇದ್ದದ್ದನ್ನು ತಂದು ನೋಡಿದೆ. ಚಿತ್ರ ಬಂತು, ಆದರೆ ಮೌಸ್ ಎಳೆದರೆ ಬಾಣ ಒಂದು ಕ್ಷಣ ತಡವಾಗಿ ಹಿಂದೆ ಬರುತ್ತದೆ, ಪುಟ ಸ್ಕ್ರೋಲ್ ಮಾಡಿದರೆ ಅಕ್ಷರಗಳು ಹರಿದ ಹಾಗೆ ಕಾಣುತ್ತವೆ. ಕಾರಣ ಲೆಕ್ಕ ಹಾಕಿದರೆ ತಿಳಿಯುತ್ತದೆ. 1920×1080 ಚುಕ್ಕಿ, ಒಂದೊಂದಕ್ಕೆ 24 ಬಿಟ್, ಸೆಕೆಂಡಿಗೆ 60 ಸಲ. ಗುಣಿಸಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 3 ಗಿಗಾಬಿಟ್, ಅಂದರೆ 3000 ಮೆಗಾಬಿಟ್. ಎಚ್61 ಚಿಪ್‌ಸೆಟ್‌ನಲ್ಲಿ ಇರುವುದು ಯುಎಸ್‌ಬಿ 2.0, ಅದರ ಗರಿಷ್ಠ ವೇಗವೇ 480 ಮೆಗಾಬಿಟ್. ಅಡಾಪ್ಟರ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ಆ ಕುಗ್ಗಿಸುವ ಕೆಲಸ ಮತ್ತೆ ನನ್ನ ಹಳೇ ಪ್ರೊಸೆಸರ್ ತಲೆ ಮೇಲೇ ಬೀಳುತ್ತದೆ. ಯುಎಸ್‌ಬಿ 3.0 ಇರುವ ಲ್ಯಾಪ್‌ಟಾಪ್‌ಗೆ ಇದೇ ಅಡಾಪ್ಟರ್ ಚೆನ್ನಾಗಿ ನಡೆಯಬಹುದು. ನನಗೆ ಆಗಿಬರಲಿಲ್ಲ, ವಾಪಸ್ ಕೊಟ್ಟೆ.

ಉಳಿದದ್ದು ಗ್ರಾಫಿಕ್ಸ್ ಕಾರ್ಡ್, ಅಂದರೆ ಚಿತ್ರ ತಯಾರಿಸಲೆಂದೇ ಇರುವ ಬೇರೆ ಕಾರ್ಡ್. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಜಿಟಿ 710 ಒಂದು ತಗೊಂಡೆ. ಆಟ ಆಡುವವರಿಗೆ ಇದು ಏನೂ ಅಲ್ಲ, ಆದರೆ ನನ್ನಂಥವರಿಗೆ ಹೇಳಿ ಮಾಡಿಸಿದ್ದು. 19 ವಾಟ್ ಮಾತ್ರ ಎಳೆಯುತ್ತದೆ, ಪವರ್ ಸಪ್ಲೈನಿಂದ ಬೇರೆ ತಂತಿ ಬೇಕಿಲ್ಲ, ನನ್ನದರಲ್ಲಿ ಫ್ಯಾನ್ ಕೂಡ ಇಲ್ಲದ್ದರಿಂದ ಸದ್ದೂ ಇಲ್ಲ. ಪೆಟ್ಟಿಗೆ ಮೇಲೆ ಗರಿಷ್ಠ ಎರಡು ಮಾನಿಟರ್ ಅಂತ ಬರೆದಿತ್ತು, ಈ ಸಲ ಅದನ್ನು ಓದಿಯೇ ತಗೊಂಡೆ. ಎರಡು ಕಾರ್ಡ್‌ನಿಂದ, ಒಂದು ಮದರ್‌ಬೋರ್ಡ್‌ನಿಂದ ಅನ್ನುವುದು ನನ್ನ ಲೆಕ್ಕ. ನಿಮ್ಮದು ತೆಳ್ಳಗಿನ ಸಣ್ಣ ಕ್ಯಾಬಿನೆಟ್ ಆಗಿದ್ದರೆ ಕಾರ್ಡನ್ನು ಕ್ಯಾಬಿನೆಟ್‌ಗೆ ಸ್ಕ್ರೂ ಮಾಡುವ ಲೋಹದ ಪಟ್ಟಿ ಗಿಡ್ಡದ್ದೂ ಜೊತೆಗೆ ಬರುತ್ತದಾ ಅಂತ ಕೇಳಿ ತಗೊಳ್ಳಿ, ಉದ್ದ ಪಟ್ಟಿ ಅದರಲ್ಲಿ ಕೂರುವುದಿಲ್ಲ.

ಕೂರಿಸುವುದು ಕಷ್ಟವೇನಲ್ಲ. ಪವರ್ ತಂತಿ ಕಿತ್ತು, ಪವರ್ ಬಟನ್ ನಾಲ್ಕೈದು ಸೆಕೆಂಡ್ ಒತ್ತಿ ಹಿಡಿದು ಒಳಗೆ ಉಳಿದ ಕರೆಂಟ್ ಖಾಲಿ ಮಾಡಿದೆ. ಕ್ಯಾಬಿನೆಟ್‌ನ ಬರಿ ಲೋಹ ಮುಟ್ಟಿ ಆಮೇಲೆ ಕಾರ್ಡ್ ಹಿಡಿದೆ. ಹತ್ತು ವರ್ಷದ ಧೂಳು ಕಾರ್ಡ್ ಕೂರುವ ಸ್ಲಾಟ್ ಒಳಗೇ ಇತ್ತು, ಒಣ ಬ್ರಷ್‌ನಲ್ಲಿ ಬಿಡಿಸಿದೆ. ಸಮವಾಗಿ ಒತ್ತಿದರೆ ಸ್ಲಾಟ್ ತುದಿಯ ಕೊಕ್ಕೆ ಟಕ್ ಅನ್ನುತ್ತದೆ. ಆ ಸದ್ದು ಕೇಳುವವರೆಗೆ ಸ್ಕ್ರೂ ಹಾಕಬೇಡಿ.

ಆನ್ ಮಾಡಿದರೆ ಮದರ್‌ಬೋರ್ಡ್‌ಗೆ ಚುಚ್ಚಿದ್ದ ಮಾನಿಟರ್‌ಗಳೆಲ್ಲ ಕಪ್ಪು. ಎದೆ ಧಸಕ್ ಅಂತು. ಆದರೆ ಇದು ಸಹಜ. ಕಾರ್ಡ್ ಕಂಡ ಕೂಡಲೇ ಬಹಳಷ್ಟು ಬೋರ್ಡ್‌ಗಳು ತಮ್ಮ ಸ್ವಂತ ಗ್ರಾಫಿಕ್ಸ್ ನಿಲ್ಲಿಸಿಬಿಡುತ್ತವೆ. ಎಚ್‌ಡಿಎಂಐ, ಡಿವಿಐ ಕೇಬಲ್ ಎರಡನ್ನೂ ಕಾರ್ಡ್‌ಗೆ ಬದಲಿಸಿದೆ, ಚಿತ್ರ ಬಂತು. ರೀಸ್ಟಾರ್ಟ್ ಮಾಡಿ ಡಿಲೀಟ್ ಕೀ ಒತ್ತುತ್ತಾ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ಸಿಗುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟಕ್ಕೆ, ಹೋದೆ. ಅಲ್ಲಿ ಐಜಿಪಿಯು (ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್) ಮಲ್ಟಿ ಮಾನಿಟರ್ ಅಂತ ಒಂದು ಸಾಲು, ಅದು ಡಿಸೇಬಲ್ಡ್ ಆಗಿತ್ತು. ಎನೇಬಲ್ಡ್ ಮಾಡಿ, ಎಫ್10 ಒತ್ತಿ ಸೇವ್ ಮಾಡಿದೆ. ಬೇರೆ ಕೆಲವು ಕಂಪನಿಯ ಬೋರ್ಡ್‌ಗಳಲ್ಲಿ ಇದೇ ಸಾಲು ಇಂಟರ್ನಲ್ ಗ್ರಾಫಿಕ್ಸ್ ಅನ್ನುವ ಹೆಸರಲ್ಲಿ ಇರುತ್ತದೆ. ಇಡೀ ಕೆಲಸದ ಬೀಗದ ಕೈ ಈ ಒಂದು ಸಾಲು. ವಿಂಡೋಸ್ ಎರಡೂ ಡ್ರೈವರ್ ಹಾಕಿಕೊಂಡಿತು, ವಿಜಿಎಯಲ್ಲಿದ್ದ 17 ಇಂಚಿನದು ಕಣ್ಣು ಬಿಟ್ಟಿತು. ವಿಂಡೋಸ್ ಕೀ ಜೊತೆ ಪಿ ಒತ್ತಿ ಎಕ್ಸ್‌ಟೆಂಡ್ ಆರಿಸಿದೆ. ಮೂರೂ ಒಟ್ಟಿಗೆ ಬೆಳಗಿದಾಗ ಆದ ಖುಷಿ ಹೇಳತೀರದು.

ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ಬೆಳಗ್ಗೆ ಮೂರನೆಯದು ನೋ ಸಿಗ್ನಲ್ ಅಂತ ತೋರಿಸಿ ಮಲಗಿತು. ಬಯೋಸ್‌ಗೆ ಹೋದರೆ ಆ ಸಾಲು ಮತ್ತೆ ಡಿಸೇಬಲ್ಡ್! ಸರಿಮಾಡಿದೆ. ಎರಡು ದಿನ ಬಿಟ್ಟು ಮತ್ತೆ ಅದೇ. ಈ ಸಲ ಬಯೋಸ್‌ನ ಮೂಲೆಯಲ್ಲಿದ್ದ ತಾರೀಕು ಕಣ್ಣಿಗೆ ಬಿತ್ತು, ಜನವರಿ 1, 2012. ಹಿಂದಿನ ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡಿ ಮಲಗಿದ್ದೆ, ಮೊದಲ ಸಲ ಹೀಗಾದಾಗ ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ. ಆಗ ಹೊಳೆಯಿತು. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಸತ್ತಿದೆ. ಗೋಡೆಯಿಂದ ಕರೆಂಟ್ ಬರುತ್ತಿರುವವರೆಗೆ ಬಯೋಸ್‌ಗೆ ನೆನಪಿರುತ್ತದೆ, ನಿಂತರೆ ಎಲ್ಲಾ ಮರೆತು ಹುಟ್ಟಿದಾಗಿನ ಸ್ಥಿತಿಗೆ ಹೋಗುತ್ತದೆ. ಗಡಿಯಾರ ಆಗಾಗ ತಪ್ಪುತ್ತಿದ್ದದ್ದು, ಬ್ರೌಸರ್ ಸುಮ್ನೆ ಈ ತಾಣ ಸುರಕ್ಷಿತವಲ್ಲ ಅಂತ ಹೆದರಿಸುತ್ತಿದ್ದದ್ದು, ಎಲ್ಲಕ್ಕೂ ಇದೇ ಕಾರಣ. ಸಿಆರ್2032 ಸೆಲ್, ಐವತ್ತು ರೂಪಾಯಿ ಒಳಗೆ ಸಿಕ್ಕಿತು. ಪಕ್ಕದ ಸಣ್ಣ ಲೋಹದ ನಾಲಿಗೆಯನ್ನು ಉಗುರಿನಿಂದ ತಳ್ಳಿದರೆ ಹಳೆಯದು ತಾನೇ ಮೇಲೆ ಚಿಮ್ಮುತ್ತದೆ, ಹೊಸದನ್ನು ಪ್ಲಸ್ ಗುರುತು ಮೇಲಾಗಿ ಒತ್ತಿದರೆ ಆಯಿತು. ತಾರೀಕು ಸರಿಮಾಡಿ ಆ ಸಾಲನ್ನು ಕೊನೇ ಸಲ ಎನೇಬಲ್ಡ್ ಮಾಡಿದೆ. ಇವತ್ತಿನವರೆಗೂ ಅಲುಗಿಲ್ಲ.

ಇನ್ನು ಅಕ್ಷರದ ವಿಷಯ. ಕನ್ನಡ ಓದುವವರಿಗೆ ಇದು ದೊಡ್ಡದೇ. ವಿಜಿಎ ಅನಲಾಗ್ ಸಿಗ್ನಲ್, ಸರಿಯಾಗಿ ಹೊಂದದಿದ್ದರೆ ಅಕ್ಷರದ ಅಂಚು ಕಲಸಿಹೋಗುತ್ತದೆ. ಇಂಗ್ಲಿಷ್ ಓದುವಾಗ ಅಷ್ಟು ಗೊತ್ತಾಗಲ್ಲ. ನಮ್ಮ ಪ ಮತ್ತು ಷ ನೋಡಿ, ನಡುವೆ ಇರುವುದು ಒಂದು ಸಣ್ಣ ಗೀಟು. ನನ್ನ 17 ಇಂಚಿನದರಲ್ಲಿ ಮೊದಲ ದಿನ ಆ ಗೀಟು ಕರಗಿ ಎರಡೂ ಒಂದೇ ಕಾಣುತ್ತಿದ್ದವು, ಒತ್ತಕ್ಷರಗಳು ಕಪ್ಪು ಚುಕ್ಕಿಯಾಗಿದ್ದವು. ರೆಸಲ್ಯೂಶನ್ ನೋಡಿದರೆ 1024×768ಕ್ಕೆ ನಿಂತಿತ್ತು. ಮಾನಿಟರ್‌ನ ಸ್ವಂತ ಅಳತೆಯಾದ 1280×1024ಕ್ಕೆ ಹಾಕಿದೆ. ಆಮೇಲೆ ಪರದೆ ತುಂಬಾ ಅಕ್ಷರವಿರುವ ಒಂದು ಪುಟ ತೆರೆದಿಟ್ಟು ಮಾನಿಟರ್‌ನ ಆಟೋ ಬಟನ್ ಒತ್ತಿದೆ. ಖಾಲಿ ಪರದೆ ಇಟ್ಟು ಒತ್ತಿದರೆ ಅದಕ್ಕೆ ಅಂದಾಜು ಸಿಗುವುದಿಲ್ಲ, ಪುಟ ತುಂಬಿದ್ದರೆ ಸರಿಯಾಗಿ ಹೊಂದಿಸಿಕೊಳ್ಳುತ್ತದೆ. ಒಂದು ಕ್ಷಣ ಚಿತ್ರ ನಡುಗಿ ನಿಂತಾಗ ಷದ ಗೀಟು ಎದ್ದು ನಿಂತಿತ್ತು.

ಆದರೂ ಸಣ್ಣ ಅಕ್ಷರ ನೋಡುವ ಕೆಲಸ ಅದಕ್ಕೆ ಕೊಟ್ಟಿಲ್ಲ. ಸ್ಕ್ಯಾನ್ 22 ಇಂಚಿನದರಲ್ಲಿ, ಟೈಪ್ ಮಾಡುವುದು ನೇರ ಎದುರಿನ 19 ಇಂಚಿನದರಲ್ಲಿ, ನಿಘಂಟು ದೊಡ್ಡ ಅಕ್ಷರದಲ್ಲಿ 17 ಇಂಚಿನದರಲ್ಲಿ. ಮೂರರ ಎತ್ತರ ಬೇರೆ ಬೇರೆ ಆದ್ದರಿಂದ ಮೌಸ್ ಅಂಚಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಆ ಡಬ್ಬಿಗಳನ್ನು ಮೇಜಿನ ಮೇಲೆ ಮಾನಿಟರ್ ಹೇಗೆ ನಿಂತಿವೆಯೋ ಹಾಗೇ ಎಳೆದಿಟ್ಟ ಮೇಲೆ ಸಲೀಸಾಯಿತು.

ಯುಪಿಎಸ್‌ಗೆ ಮಾತ್ರ ಮೂರನೆಯದನ್ನು ಹಾಕಿಲ್ಲ. ನನ್ನದು ಚಿಕ್ಕ 600 ವಿಎ ಯುಪಿಎಸ್, ಹಳೇ ಮಾನಿಟರ್‌ಗಳು ಕರೆಂಟ್ ಜಾಸ್ತಿ ಎಳೆಯುತ್ತವೆ. ಅದನ್ನು ನೇರ ಗೋಡೆಗೆ ಕೊಟ್ಟಿದ್ದೇನೆ. ಕರೆಂಟ್ ಹೋದರೆ ನಿಘಂಟು ಆರುತ್ತದೆ, ಟೈಪ್ ಮಾಡುತ್ತಿದ್ದ ಪುಟವೂ ಸ್ಕ್ಯಾನೂ ಉಳಿದಿರುತ್ತವೆ, ಆ ಸಾಲು ಮುಗಿಸಿ ಸೇವ್ ಮಾಡಿ ಮುಚ್ಚಲು ಸಮಯ ಸಿಗುತ್ತದೆ.